ಗಾಡಿಯ ಬೆಲೆ, ಓಟದ ಲೆಕ್ಕ

ಹೊಸ ಗಾಡಿ ಮನೆ ಮುಂದೆ ಬಂದು ನಿಂತಿತು ಅಂದರೆ ನಮ್ಮ ಊರುಗಳಲ್ಲಿ ಎರಡು ಪ್ರಶ್ನೆ ತಪ್ಪುವುದಿಲ್ಲ. ಎಷ್ಟಾಯ್ತು? ಎಷ್ಟು ಕೊಡುತ್ತೆ? ಮೊದಲನೆಯದು ಬೆಲೆಯ ಪ್ರಶ್ನೆ. ಎರಡನೆಯದು ಮೈಲೇಜಿನ ಪ್ರಶ್ನೆ. ಲೀಟರಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬುದು. ಇವೆರಡರ ಜೊತೆಗೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಅದನ್ನು ಕೇಳುವವರು ಕಡಿಮೆ. ನಿಮ್ಮ ಓಟ ಎಷ್ಟು? ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ?

ಈ ಮೂರನೆಯ ಪ್ರಶ್ನೆಗೆ ಉತ್ತರ ಸಿಗುವವರೆಗೆ ಮೊದಲಿನ ಎರಡನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಲು ಬರುವುದಿಲ್ಲ. ಇವತ್ತಿನ ನನ್ನ ಮಾತೆಲ್ಲ ಈ ಓಟದ ಬಗ್ಗೆ.

ಮೊದಲು ಒಂದು ಸಂಗತಿ ಒಪ್ಪಿಕೊಳ್ಳೋಣ. ಹೆಚ್ಚು ಮೈಲೇಜ್ ಕೊಡುವ ಗಾಡಿಗೆ ಸಾಮಾನ್ಯವಾಗಿ ಬೆಲೆಯೂ ಹೆಚ್ಚು. ಅದಕ್ಕೆ ಕಾರಣವಿದೆ. ಡೀಸೆಲ್ ಎಂಜಿನ್ನನ್ನೇ ತೆಗೆದುಕೊಳ್ಳಿ. ಅದು ಗಾಳಿಯನ್ನು ಬಲವಾಗಿ ಒತ್ತಿ, ಆ ಒತ್ತಡದ ಬಿಸಿಯಿಂದಲೇ ಡೀಸೆಲ್ಲನ್ನು ಹೊತ್ತಿಸುತ್ತದೆ. ಆ ಒತ್ತಡ ತಡೆಯಲು ಎಂಜಿನ್ ಗಟ್ಟಿಯಾಗಿರಬೇಕು. ಡೀಸೆಲ್ಲನ್ನು ಸಣ್ಣ ಹನಿಗಳಾಗಿ ಚಿಮ್ಮಿಸಲು ಬಲವಾದ ಪಂಪು ಬೇಕು. ಹೊಗೆಯಲ್ಲಿರುವ ಮಸಿಯನ್ನು ಸೋಸಲು ಫಿಲ್ಟರ್ ಬೇಕು. ಇದಕ್ಕೆಲ್ಲ ದುಡ್ಡು ಬೀಳುತ್ತದೆ. ಆ ದುಡ್ಡನ್ನು ಕೊಡುವವರು ನಾವು.

ಈ ಹೆಚ್ಚಿನ ಬೆಲೆ ಬಾವಿ ತೋಡಿಸಿದ ಖರ್ಚಿನ ಹಾಗೆ. ಒಂದೇ ಸಲಕ್ಕೆ ಕೈಬಿಟ್ಟು ಹೋಗುತ್ತದೆ. ಇಂಧನದ ಉಳಿತಾಯ ಮಾತ್ರ ಕೊಡಕೊಡವಾಗಿ ಸೇದಿಕೊಂಡಷ್ಟೇ ಬರುತ್ತದೆ. ಸೇದದೆ ಇದ್ದರೆ ಬರುವುದಿಲ್ಲ. ಒಂದು ಕಿಲೋಮೀಟರ್ ಓಡಿದರೆ ಒಂದು ಕಿಲೋಮೀಟರಿನ ಉಳಿತಾಯ. ನಿಂತ ಗಾಡಿ ಏನನ್ನೂ ಉಳಿಸುವುದಿಲ್ಲ.

ಈಗ ಒಂದು ಲೆಕ್ಕ ಮಾಡೋಣ. ಕಾಗದ ಪೆನ್ನು ಹುಡುಕಬೇಡಿ. ಮನಸ್ಸಿನಲ್ಲೇ ಹಿಡಿಯುವಷ್ಟು ದುಂಡಗಿನ ಅಂಕಿಗಳನ್ನು ಹೇಳುತ್ತೇನೆ.

ನಮ್ಮ ರಾಜ್ಯದಲ್ಲಿ ಈಚಿನ ವರ್ಷಗಳಲ್ಲಿ ಪೆಟ್ರೋಲು ಲೀಟರಿಗೆ 100 ರೂಪಾಯಿಯ ಆಚೀಚೆ ಇದೆ. ಡೀಸೆಲ್ 90ರ ಆಚೀಚೆ ಇದೆ. ಒಂದೇ ಮಾದರಿಯ ಕಾರು ಎರಡು ಬಗೆಯಲ್ಲಿ ಸಿಗುತ್ತದೆ ಅಂತಿಟ್ಟುಕೊಳ್ಳಿ. ಪೆಟ್ರೋಲಿನದು ನಮ್ಮ ರಸ್ತೆಯಲ್ಲಿ ಲೀಟರಿಗೆ 14 ಕಿಲೋಮೀಟರ್ ಕೊಡುತ್ತದೆ. ಡೀಸೆಲ್ಲಿನದು 18 ಕೊಡುತ್ತದೆ. ಹಾಗಾದರೆ ಪೆಟ್ರೋಲು ಕಾರಿಗೆ ಕಿಲೋಮೀಟರಿಗೆ 7 ರೂಪಾಯಿ ಬೀಳುತ್ತದೆ. ಡೀಸೆಲ್ ಕಾರಿಗೆ 5 ರೂಪಾಯಿ. ಉಳಿತಾಯ ಕಿಲೋಮೀಟರಿಗೆ 2 ರೂಪಾಯಿ. ಈ 2 ರೂಪಾಯಿಯನ್ನು ನೆನಪಿನಲ್ಲಿಡಿ.

ಡೀಸೆಲ್ ಕಾರಿನ ಬೆಲೆ ಒಂದೂವರೆ ಲಕ್ಷ ಹೆಚ್ಚು ಅಂತಿಟ್ಟುಕೊಳ್ಳೋಣ. ಒಂದೂವರೆ ಲಕ್ಷವನ್ನು 2 ರೂಪಾಯಿಯಂತೆ ವಾಪಸು ಪಡೆಯಬೇಕು. ಅದಕ್ಕೆ 75,000 ಕಿಲೋಮೀಟರ್ ಓಡಬೇಕು. ಅಷ್ಟು ಓಡಿದ ಮೇಲೆ ನೀವು ಹೊರಟ ಜಾಗಕ್ಕೆ ಬಂದು ನಿಂತಿರಿ. ಲಾಭ ಎಂಬುದೇನಿದ್ದರೂ ಅಲ್ಲಿಂದ ಮುಂದೆ.

ಹಾಸನದಲ್ಲೋ ದಾವಣಗೆರೆಯಲ್ಲೋ ಒಬ್ಬರು ಮೇಷ್ಟ್ರು ಇದ್ದಾರೆ ಅನ್ನಿ. ಶಾಲೆಗೆ ಬೈಕಿನಲ್ಲಿ ಹೋಗುತ್ತಾರೆ. ಕಾರು ತೆಗೆಯುವುದು ಮದುವೆ, ಮುಂಜಿ, ಆಸ್ಪತ್ರೆ, ವರ್ಷಕ್ಕೊಮ್ಮೆ ಧರ್ಮಸ್ಥಳ. ತಿಂಗಳಿಗೆ 500 ಕಿಲೋಮೀಟರ್ ಆದೀತು. ವರ್ಷಕ್ಕೆ 6,000. ಅವರಿಗೆ 75,000 ಕಿಲೋಮೀಟರ್ ಮುಗಿಯಲು ಹನ್ನೆರಡು ವರ್ಷ ದಾಟುತ್ತದೆ. ತಿಂಗಳಿಗೆ 1,000 ಓಡಿಸುವ ಬ್ಯಾಂಕ್ ನೌಕರರಿಗೆ ಆರು ವರ್ಷ ಬೇಕು. ಇನ್ನು ಯೆಲ್ಲೋ ಬೋರ್ಡ್ ಟ್ಯಾಕ್ಸಿ ಓಡಿಸುವವರನ್ನು ನೋಡಿ. ಬೆಂಗಳೂರು ವಿಮಾನ ನಿಲ್ದಾಣಕ್ಕೆ ದಿನಕ್ಕೆ ಎರಡು ಮೂರು ಟ್ರಿಪ್ ಹೊಡೆಯುತ್ತಾರೆ. ತಿಂಗಳಿಗೆ 5,000 ಕಿಲೋಮೀಟರ್ ಸುಲಭವಾಗಿ ಆಗುತ್ತದೆ. ಅವರಿಗೆ ಹದಿನೈದೇ ತಿಂಗಳು.

ಗಾಡಿ ಒಂದೇ. ಮೈಲೇಜ್ ಒಂದೇ. ಬೆಲೆಯೂ ಒಂದೇ. ಒಬ್ಬರಿಗೆ ಹದಿನೈದು ತಿಂಗಳು, ಇನ್ನೊಬ್ಬರಿಗೆ ಹನ್ನೆರಡು ವರ್ಷ. ಆದ್ದರಿಂದ ಅಕ್ಕಪಕ್ಕದವರ ಗಾಡಿ ನೋಡಿ ಗಾಡಿ ಕೊಳ್ಳಲು ಬರುವುದಿಲ್ಲ. ಅವರ ಓಟ ಬೇರೆ, ನಿಮ್ಮ ಓಟ ಬೇರೆ.

ಇಲ್ಲಿಯವರೆಗೆ ಹೇಳಿದ್ದನ್ನು ಒಮ್ಮೆ ನೆನೆಯೋಣ. ಬೆಲೆಯ ವ್ಯತ್ಯಾಸವನ್ನು ಕಿಲೋಮೀಟರಿನ ಉಳಿತಾಯದಿಂದ ಭಾಗಿಸಬೇಕು. ಬಂದ ಅಂಕಿಯಷ್ಟು ಓಡಿದರೆ ಲೆಕ್ಕ ಸಮ. ಈ ಲೆಕ್ಕದಲ್ಲಿ ಎರಡು ಮಾತು ಬಿಟ್ಟಿದ್ದೆ. ಒಂದು ತೆರಿಗೆ. ಇನ್ನೊಂದು ಬಡ್ಡಿ.

ಶೋರೂಮಿನ ಬೆಲೆಗೂ ಗಾಡಿ ರಸ್ತೆಗಿಳಿಯುವ ಬೆಲೆಗೂ ನಮ್ಮ ರಾಜ್ಯದಲ್ಲಿ ದೊಡ್ಡ ಅಂತರವಿದೆ. ಕಾರಿನ ಜೀವಾವಧಿ ತೆರಿಗೆಯನ್ನು ಬೆಲೆಯ ಮೇಲೆ ಶೇಕಡಾವಾರು ಹಾಕುತ್ತಾರೆ. 5 ಲಕ್ಷದಿಂದ 10 ಲಕ್ಷದವರೆಗಿನ ಕಾರಿಗೆ ಶೇಕಡಾ 14. 10 ಲಕ್ಷ ದಾಟಿದರೆ ಶೇಕಡಾ 17. ಮೇಲೆ ಸೆಸ್ ಬೇರೆ. ಪೆಟ್ರೋಲು ಕಾರು ಒಂಬತ್ತೂವರೆ ಲಕ್ಷ, ಡೀಸೆಲ್ ಕಾರು ಹತ್ತೂವರೆ ಲಕ್ಷ ಅನ್ನಿ. ಶೋರೂಮಿನಲ್ಲಿ ಅಂತರ ಒಂದು ಲಕ್ಷ. ಆದರೆ ಡೀಸೆಲ್ ಕಾರು ಗೆರೆ ದಾಟಿತು. ಪೂರ್ತಿ ಬೆಲೆಗೆ ಶೇಕಡಾ 17ರ ತೆರಿಗೆ ಬಿತ್ತು. ತೆರಿಗೆಯಲ್ಲೇ 45,000 ರೂಪಾಯಿ ಹೆಚ್ಚಾಯಿತು. ಒಂದು ಲಕ್ಷದ ಅಂತರ ಒಂದೂವರೆ ಲಕ್ಷದ ಹತ್ತಿರ ಬಂತು. ವಿಮೆಯ ಕಂತೂ ಗಾಡಿಯ ಬೆಲೆಯನ್ನು ನೋಡಿಯೇ ಏರುತ್ತದೆ. ಆದ್ದರಿಂದ ಎರಡು ಗಾಡಿ ಹೋಲಿಸುವಾಗ ಆನ್ ರೋಡ್ ಬೆಲೆಯನ್ನೇ ಹೋಲಿಸಿ. ಬರೆದು ಕೊಡಿ ಎಂದು ಶೋರೂಮಿನವರನ್ನು ಕೇಳಿ. ಕೊಡುತ್ತಾರೆ.

ಬಡ್ಡಿಯ ವಿಷಯ ಇದಕ್ಕಿಂತ ದೊಡ್ಡದು. ನಮ್ಮಲ್ಲಿ ಹೆಚ್ಚಿನವರು ಸಾಲ ಮಾಡಿಯೇ ಗಾಡಿ ಕೊಳ್ಳುವುದು. ಆ ಹೆಚ್ಚಿನ ಒಂದೂವರೆ ಲಕ್ಷವೂ ಸಾಲದಲ್ಲೇ ಸೇರಿರುತ್ತದೆ. ಶೇಕಡಾ 9ರ ಬಡ್ಡಿ, ಐದು ವರ್ಷದ ಅವಧಿ ಅಂತಿಟ್ಟುಕೊಳ್ಳಿ. ಒಂದೂವರೆ ಲಕ್ಷಕ್ಕೆ ತಿಂಗಳ ಕಂತು 3,100 ರೂಪಾಯಿ ಆಗುತ್ತದೆ. ಐದು ವರ್ಷಕ್ಕೆ ಕಟ್ಟುವುದು ಒಂದು ಲಕ್ಷ 87 ಸಾವಿರ.

ಈಗ ತಿಂಗಳಿಗೆ 1,000 ಕಿಲೋಮೀಟರ್ ಓಡಿಸುವ ಆ ಬ್ಯಾಂಕ್ ನೌಕರರ ಕಡೆ ಮತ್ತೆ ನೋಡಿ. ಡೀಸೆಲ್ ಕಾರಿನಿಂದ ಅವರಿಗೆ ತಿಂಗಳಿಗೆ 2,000 ರೂಪಾಯಿ ಉಳಿಯುತ್ತದೆ. ಅದೇ ಕಾರಿಗಾಗಿ ತಿಂಗಳಿಗೆ 3,100 ಹೆಚ್ಚಿಗೆ ಕಟ್ಟುತ್ತಾರೆ. ಬಂಕಿನಲ್ಲಿ ಉಳಿದದ್ದು ಕಣ್ಣಿಗೆ ಕಾಣುತ್ತದೆ. ಬ್ಯಾಂಕಿನಲ್ಲಿ ಹೋದದ್ದು ಕಾಣುವುದಿಲ್ಲ. ಅದು ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ. ಆರು ವರ್ಷದ ಲೆಕ್ಕ ಬಡ್ಡಿ ಸೇರಿದರೆ ಎಂಟು ವರ್ಷದ ಹತ್ತಿರ ಹೋಗುತ್ತದೆ. ಅಷ್ಟರೊಳಗೆ ಎಷ್ಟೋ ಜನ ಗಾಡಿ ಮಾರಿರುತ್ತಾರೆ.

ಡೀಸೆಲ್ ಕಾರನ್ನು ಕಡಿಮೆ ಓಡಿಸುವವರಿಗೆ ಇನ್ನೊಂದು ತೊಂದರೆ ಕಾದಿದೆ. ಮಸಿ ಸೋಸುವ ಫಿಲ್ಟರ್ ಎಂದೆನಲ್ಲ, ಅದನ್ನು ಮೆಕ್ಯಾನಿಕ್‌ಗಳು ಡಿಪಿಎಫ್ ಅನ್ನುತ್ತಾರೆ. ಅದರಲ್ಲಿ ಸೇರಿದ ಮಸಿ ಸುಟ್ಟು ಹೋಗಬೇಕಾದರೆ ಗಾಡಿ ಆಗಾಗ ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಮನೆಯಿಂದ ಮಾರ್ಕೆಟ್ಟಿಗೆ, ಮಾರ್ಕೆಟ್ಟಿನಿಂದ ಮನೆಗೆ ಎರಡೆರಡು ಕಿಲೋಮೀಟರ್ ಓಡುವ ಗಾಡಿಯಲ್ಲಿ ಅಷ್ಟು ಬಿಸಿ ಏರುವುದೇ ಇಲ್ಲ. ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅದರ ರಿಪೇರಿಗೆ ಹೋಗುವ ದುಡ್ಡು ಹಲವು ತಿಂಗಳ ಉಳಿತಾಯವನ್ನು ತಿನ್ನುತ್ತದೆ.

ಹಾಗಿದ್ದರೆ, ಡೀಸೆಲ್ ಗಾಡಿ ಅಂದರೆ ಲಾಭ ಎಂಬ ಮಾತು ನಮ್ಮ ಜನರ ಬಾಯಲ್ಲಿ ಇಷ್ಟು ಗಟ್ಟಿಯಾಗಿ ಕೂತದ್ದು ಹೇಗೆ? ಅದು ಸುಳ್ಳಾಗಿರಲಿಲ್ಲ. ಒಂದು ಕಾಲಕ್ಕೆ ನಿಜವೇ ಆಗಿತ್ತು. ಆ ಕಾಲವನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಪೆಟ್ರೋಲಿನ ಬೆಲೆಯ ಮೇಲಿದ್ದ ಸರ್ಕಾರಿ ಹಿಡಿತ ಹೋದದ್ದು 2010ರ ಜೂನಿನಲ್ಲಿ. ಡೀಸೆಲ್ಲಿನದು ಹೋಗಲಿಲ್ಲ. ಲಾರಿ, ಬಸ್ಸು, ಟ್ರ್ಯಾಕ್ಟರ್, ಪಂಪ್‌ಸೆಟ್ ಎಲ್ಲವೂ ಡೀಸೆಲ್ಲನ್ನು ನಂಬಿದ್ದವು. ಹಾಗಾಗಿ ಅದರ ಬೆಲೆಯನ್ನು ಸರ್ಕಾರ ತಡೆಹಿಡಿಯಿತು. ಪೆಟ್ರೋಲು ಏರಿತು, ಡೀಸೆಲ್ ನಿಂತಿತು. 2012ರ ಹೊತ್ತಿಗೆ ಎರಡರ ನಡುವೆ ಲೀಟರಿಗೆ 30 ರೂಪಾಯಿಯಷ್ಟು ಅಂತರ ಬಿದ್ದಿತ್ತು. ಪೆಟ್ರೋಲು 75ರ ಸುತ್ತ, ಡೀಸೆಲ್ 45ರ ಸುತ್ತ ಅಂತ ಹಿಡಿಯಿರಿ. ನಾವು ಈಗ ಮಾಡಿದ ಲೆಕ್ಕವನ್ನೇ ಆ ಬೆಲೆಗೆ ಮಾಡಿ ನೋಡಿ. ಕಿಲೋಮೀಟರಿನ ಉಳಿತಾಯ 3 ರೂಪಾಯಿಯ ಹತ್ತಿರ ಬರುತ್ತದೆ. ಗಾಡಿಗಳ ಬೆಲೆಯಲ್ಲಿ ಅಂತರ ಒಂದು ಲಕ್ಷವಿದ್ದರೆ 35,000 ಕಿಲೋಮೀಟರಿಗೆ ಅಸಲು ಬರುತ್ತಿತ್ತು. ಸಾಧಾರಣ ಓಟದವರಿಗೂ ಮೂರು ವರ್ಷ ಸಾಕಿತ್ತು. ಆ ವರ್ಷಗಳಲ್ಲಿ ದೇಶದಲ್ಲಿ ಮಾರಾಟವಾದ ಕಾರುಗಳಲ್ಲಿ ಅರ್ಧದಷ್ಟು ಡೀಸೆಲ್ಲಿನವು. ಕೊಂಡವರು ಸರಿಯಾಗಿಯೇ ಲೆಕ್ಕ ಹಾಕಿದ್ದರು.

ಆಮೇಲೆ ಅಂಕಿಗಳು ಬದಲಾದವು. 2013ರ ಜನವರಿಯಿಂದ ಡೀಸೆಲ್ಲನ್ನು ತಿಂಗಳಿಗೆ ಕೆಲವು ಪೈಸೆಯಂತೆ ಏರಿಸುತ್ತಾ ಬಂದರು. 2014ರ ಅಕ್ಟೋಬರಿನಲ್ಲಿ ಅದರ ಬೆಲೆಯೂ ಬಿಡುಗಡೆಯಾಯಿತು. 30 ರೂಪಾಯಿಯ ಅಂತರ ಕರಗುತ್ತಾ ಈಗ 10ರ ಆಸುಪಾಸಿಗೆ ಬಂದಿದೆ. 2020ರ ಏಪ್ರಿಲ್‌ನಿಂದ ಬಿಎಸ್ 6 ಎಂಬ ಕಟ್ಟುನಿಟ್ಟಿನ ಹೊಗೆ ನಿಯಮ ಬಂತು. ಡೀಸೆಲ್ ಗಾಡಿಗೆ ಹೊಸ ಸಾಮಗ್ರಿ ಜೋಡಿಸಬೇಕಾಯಿತು. ಬೆಲೆ ಏರಿತು. ದೇಶದಲ್ಲಿ ಅತಿ ಹೆಚ್ಚು ಕಾರು ಮಾರುವ ಮಾರುತಿ ಕಂಪನಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಉಳಿತಾಯ ಕುಗ್ಗಿತು, ಬೆಲೆಯ ಅಂತರ ಹಿಗ್ಗಿತು. ಎರಡು ಕಡೆಯಿಂದಲೂ ಲೆಕ್ಕ ತಿರುಗಿತು.

ನನಗೆ ಸಂಕಟವಾಗುವುದು ಇಲ್ಲಿ. ಅಂದಿನ ಅಂಕಿಗಳು ಹೋಗಿವೆ. ಅಂದಿನ ತೀರ್ಮಾನ ಮಾತ್ರ ಉಳಿದಿದೆ. ಅಪ್ಪ ಮಗನಿಗೆ ಹೇಳುತ್ತಾನೆ, ಡೀಸೆಲ್ ತಗೋ, ಉಳಿಯುತ್ತೆ. ಪ್ರೀತಿಯಿಂದಲೇ ಹೇಳುತ್ತಾನೆ. ಮಗ ಐದು ವರ್ಷ ಕಂತು ಕಟ್ಟುತ್ತಾನೆ. ತೀರ್ಮಾನವನ್ನು ಹಿರಿಯರಿಂದ ಪಡೆದರೆ ಸಾಲದು. ಅವರು ಲೆಕ್ಕ ಮಾಡಿದ ರೀತಿಯನ್ನು ಪಡೆಯಬೇಕು. ಬಂಕಿನ ದರ 2017ರ ಜೂನಿನಿಂದ ದಿನದಿನಕ್ಕೂ ಪರಿಷ್ಕರಣೆಯಾಗುವ ವ್ಯವಸ್ಥೆ ಇದೆ. ಹೀಗಿರುವಾಗ ಹತ್ತು ವರ್ಷದ ಹಿಂದಿನ ತೀರ್ಮಾನ ಇಂದಿನ ಸಾಲಕ್ಕೆ ಆಧಾರವಾಗಬಾರದು.

ಮೈಲೇಜ್ ಗೆದ್ದ ಹಳೆಯ ಕಥೆಯೊಂದನ್ನೂ ಹೇಳಿಬಿಡುತ್ತೇನೆ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಎಂಬ ಬೈಕು ಬಂತು. ಆಗ ನಮ್ಮ ರಸ್ತೆಗಳಲ್ಲಿದ್ದ ಸ್ಕೂಟರು, ಬೈಕುಗಳಲ್ಲಿ ಬಹುಪಾಲು ಟೂ ಸ್ಟ್ರೋಕ್ ಎಂಜಿನ್ನಿನವು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಒಂದಷ್ಟು ಪೆಟ್ರೋಲು ಉರಿಯದೆ ಹೊಗೆಯ ಜೊತೆಗೇ ಹೊರಗೆ ಹೋಗುತ್ತದೆ. ಹೊಸ ಬೈಕು ಫೋರ್ ಸ್ಟ್ರೋಕ್. ಆ ಪೋಲು ಅದರಲ್ಲಿರಲಿಲ್ಲ. ಲೀಟರಿಗೆ 80 ಕಿಲೋಮೀಟರ್ ಎಂಬ ಹೆಸರು ಅದಕ್ಕೆ ಬಂತು. ಹಾಲಿನ ಕ್ಯಾನ್ ಕಟ್ಟಿಕೊಂಡು ಹಳ್ಳಿಯಿಂದ ಪೇಟೆಗೆ ದಿನಾ ಎರಡು ಹೊತ್ತು ಓಡಾಡುವವರಿಗೆ ಅದು ನಿಜವಾದ ಉಪಕಾರ. ಎಷ್ಟು ಕೊಡುತ್ತೆ ಎಂಬ ಪ್ರಶ್ನೆ ನಮ್ಮಲ್ಲಿ ಬೇರೂರಿದ್ದರಲ್ಲಿ ಆ ಕಾಲದ ಪಾಲು ದೊಡ್ಡದು.

ಆ ಪ್ರಶ್ನೆಯಿಂದ ಒಂದು ಮೋಸವೂ ಆಗುತ್ತದೆ. ಮೋಸ ಮಾಡುವವರು ಯಾರೂ ಇಲ್ಲ. ಅಂಕಿಯೇ ನಮ್ಮನ್ನು ಮೋಸಗೊಳಿಸುತ್ತದೆ. ಆ ಮಾತಿಗೆ ಬರುವ ಮುನ್ನ ಇಲ್ಲಿಯವರೆಗಿನದನ್ನು ನೆನಪಿಸಿಕೊಳ್ಳಿ. ಆನ್ ರೋಡ್ ಬೆಲೆಯ ಅಂತರ ಎಷ್ಟು, ಅದಕ್ಕೆ ಬಡ್ಡಿ ಎಷ್ಟು, ಇಂದಿನ ದರದಲ್ಲಿ ಕಿಲೋಮೀಟರಿಗೆ ಉಳಿತಾಯ ಎಷ್ಟು, ನಿಮ್ಮ ಓಟ ಎಷ್ಟು. ಈ ನಾಲ್ಕು ಬೇಕು ಎಂದೆ.

ಈಗ ಒಂದು ಪ್ರಶ್ನೆ ಕೇಳುತ್ತೇನೆ. ಒಂದು ಬೈಕಿನ ಮೈಲೇಜ್ 50 ಇದ್ದದ್ದು 60 ಆಯಿತು. ಒಂದು ಹಳೆಯ ಜೀಪಿನ ಮೈಲೇಜ್ 10 ಇದ್ದದ್ದು 12 ಆಯಿತು. ಎರಡೂ ಸಾವಿರ ಕಿಲೋಮೀಟರ್ ಓಡಿದವು. ಯಾವುದರಲ್ಲಿ ಹೆಚ್ಚು ಇಂಧನ ಉಳಿಯಿತು? ಕೇಳಿದ ಕೂಡಲೇ ಬೈಕು ಅನ್ನಿಸುತ್ತದೆ. ಅದರಲ್ಲಿ 10 ಏರಿದೆ, ಜೀಪಿನಲ್ಲಿ ಏರಿದ್ದು 2 ಮಾತ್ರ.

ಲೀಟರಿನಲ್ಲಿ ಎಣಿಸಿ ನೋಡೋಣ. ಬೈಕು ಸಾವಿರ ಕಿಲೋಮೀಟರಿಗೆ ಮೊದಲು 20 ಲೀಟರ್ ಕುಡಿಯುತ್ತಿತ್ತು. ಈಗ 17ರ ಹತ್ತಿರ. ಉಳಿದದ್ದು 3 ಲೀಟರ್ ಚಿಲ್ಲರೆ. ಜೀಪು ಮೊದಲು 100 ಲೀಟರ್ ಕುಡಿಯುತ್ತಿತ್ತು. ಈಗ 83. ಉಳಿದದ್ದು 17 ಲೀಟರ್. ಬೈಕಿನದಕ್ಕಿಂತ ಐದು ಪಟ್ಟು.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲಾರಿಕ್ ಮತ್ತು ಜ್ಯಾಕ್ ಸೋಲ್ ಎಂಬಿಬ್ಬರು ಈ ಭ್ರಮೆಯ ಬಗ್ಗೆ 2008ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಅಲ್ಲಿ ಗ್ಯಾಲನ್ನಿಗೆ ಎಷ್ಟು ಮೈಲಿ ಎಂದು ಕೇಳುತ್ತಾರೆ, ನಮ್ಮಲ್ಲಿ ಲೀಟರಿಗೆ ಎಷ್ಟು ಕಿಲೋಮೀಟರ್ ಎನ್ನುತ್ತೇವೆ. ಭ್ರಮೆ ಎರಡೂ ಕಡೆ ಒಂದೇ. ಯುರೋಪಿನ ದೇಶಗಳಲ್ಲಿ ಪ್ರಶ್ನೆಯನ್ನು ತಿರುಗಿಸಿ ಕೇಳುವ ರೂಢಿ ಇದೆ. ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಬೇಕು? ಹಾಗೆ ಕೇಳಿದರೆ ಜೇಬಿನಿಂದ ಹೋಗುವುದು ನೇರವಾಗಿ ಕಾಣುತ್ತದೆ.

ಇದರಿಂದ ನಮಗೆ ಸಿಗುವ ಪಾಠ ಬಹಳ ಉಪಯೋಗದ್ದು. ಮೈಲೇಜ್ ಕಡಿಮೆ ಇರುವ ಭಾರಿ ಗಾಡಿಯಲ್ಲಿ ಒಂದೆರಡು ಕಿಲೋಮೀಟರಿನ ಸುಧಾರಣೆಗೂ ಬೆಲೆ ತೆರಬಹುದು. ಈಗಾಗಲೇ ಚೆನ್ನಾಗಿ ಕೊಡುವ ಗಾಡಿಯಲ್ಲಿ ಇನ್ನೂ ಐದು ಕಿಲೋಮೀಟರಿಗಾಗಿ ಸಾಲ ಹೆಚ್ಚಿಸಿಕೊಳ್ಳುವುದು ಬೇಡ. 55 ಕೊಡುವ ಬೈಕಿನ ಬದಲು 60 ಕೊಡುವ ಬೈಕಿಗೆ 15,000 ಹೆಚ್ಚು ಕೊಟ್ಟರೆ, ಅದನ್ನು ಮರಳಿ ಪಡೆಯಲು ಲಕ್ಷ ಕಿಲೋಮೀಟರಿನ ಹತ್ತಿರ ಓಡಿಸಬೇಕು.

ಇನ್ನು, ಆ ಅಂಕಿಯನ್ನು ಎಲ್ಲಿಂದ ತರುವುದು? ಶೋರೂಮಿನಲ್ಲಿ ಹೇಳುವ ಮೈಲೇಜ್ ಪುಣೆಯ ಎಆರ್‌ಎಐನಂಥ ಸಂಸ್ಥೆಗಳ ಪರೀಕ್ಷೆಯಿಂದ ಬಂದದ್ದು. ಅಲ್ಲಿ ಗಾಡಿಯನ್ನು ರೋಲರ್‌ಗಳ ಮೇಲೆ ನಿಲ್ಲಿಸುತ್ತಾರೆ. ಗಾಡಿ ನಿಂತಲ್ಲೇ ಇರುತ್ತದೆ, ಚಕ್ರ ತಿರುಗುತ್ತದೆ. ಯಾವ ಕ್ಷಣಕ್ಕೆ ಎಷ್ಟು ವೇಗ ಎಂಬುದು ಮೊದಲೇ ಗೊತ್ತುಮಾಡಿದ್ದು. ಕಾರಿಗಾದರೆ ಗರಿಷ್ಠ ವೇಗ ಗಂಟೆಗೆ 90 ಕಿಲೋಮೀಟರ್. ಅಲ್ಲಿ ಚಾರ್ಮಾಡಿ ಘಾಟಿ ಇಲ್ಲ. ಸಿಲ್ಕ್ ಬೋರ್ಡಿನ ಸಿಗ್ನಲ್ ಇಲ್ಲ. ಮದುವೆಗೆ ಹೊರಟ ಆರು ಜನ, ಅವರ ಲಗೇಜು ಇಲ್ಲ. ಪರೀಕ್ಷೆಯಲ್ಲಿ ತಪ್ಪಿಲ್ಲ. ಎಲ್ಲ ಗಾಡಿಗಳನ್ನೂ ಒಂದೇ ಅಳತೆಯಲ್ಲಿ ಅಳೆಯಲು ಅದು ಬೇಕು. ಆದರೆ ಅದನ್ನು ನಿಮ್ಮ ಮನೆಯ ಲೆಕ್ಕಕ್ಕೆ ಹಾಗೆಯೇ ತರಬೇಡಿ. ನಾಲ್ಕರಲ್ಲಿ ಒಂದು ಭಾಗ ಕಳೆದು ಹಿಡಿಯಿರಿ. ಮಲೆನಾಡಿನ ಏರುರಸ್ತೆಯಲ್ಲಿ ಇರುವವರು ಇನ್ನೂ ಸ್ವಲ್ಪ ಕಳೆಯಿರಿ. ಈಗ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಲೀಟರಿಗೆ ಲೀಟರ್ ಹೋಲಿಸಿದರೆ ಎಥೆನಾಲ್‌ನಲ್ಲಿ ಶಕ್ತಿ ಮೂರನೆಯ ಒಂದು ಭಾಗದಷ್ಟು ಕಡಿಮೆ. ಅದರಿಂದಲೂ ಮೈಲೇಜ್ ಕೊಂಚ ಇಳಿಯುತ್ತದೆ.

ನಿಮ್ಮ ಈಗಿನ ಗಾಡಿಯ ನಿಜವಾದ ಮೈಲೇಜ್ ತಿಳಿಯುವುದು ಸುಲಭ. ಟ್ಯಾಂಕ್ ಫುಲ್ ಮಾಡಿಸಿ. ಮೀಟರಿನ ಕಿಲೋಮೀಟರ್ ಬರೆದುಕೊಳ್ಳಿ. ಮೂರು ನಾಲ್ಕು ನೂರು ಕಿಲೋಮೀಟರ್ ಓಡಿಸಿ. ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿ. ಎಷ್ಟು ಲೀಟರ್ ಹಿಡಿಯಿತೋ ಅದರಿಂದ ಓಡಿದ ಕಿಲೋಮೀಟರನ್ನು ಭಾಗಿಸಿ. ಕಡೆಯ ಬಾರಿ ಪಂಪು ತಾನಾಗಿ ನಿಂತ ಮೇಲೆ ಮತ್ತೆ ಮತ್ತೆ ಒತ್ತಿ ತುಂಬಿಸಬೇಡಿ, ಲೆಕ್ಕ ತಪ್ಪುತ್ತದೆ.

ಓಟ ಎಷ್ಟು ಎಂಬುದರ ಜೊತೆಗೆ ಎಂಥ ಓಟ ಎಂಬುದೂ ಮುಖ್ಯ. ಹೈಬ್ರಿಡ್ ಕಾರುಗಳ ವಿಷಯದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ನಮ್ಮ ಬಿಡದಿಯಲ್ಲೇ ಟೊಯೊಟಾ ಕಾರ್ಖಾನೆಯಲ್ಲಿ ಅಂಥ ಕಾರುಗಳು ತಯಾರಾಗುತ್ತವೆ. ಅವುಗಳಲ್ಲಿ ಪೆಟ್ರೋಲು ಎಂಜಿನ್ನಿನ ಜೊತೆಗೆ ಒಂದು ವಿದ್ಯುತ್ ಮೋಟಾರು, ಒಂದು ಬ್ಯಾಟರಿ ಇರುತ್ತವೆ. ಬ್ರೇಕ್ ಹಾಕಿದಾಗ ಬೇರೆ ಗಾಡಿಗಳಲ್ಲಿ ಬರಿ ಬಿಸಿಯಾಗಿ ಹೋಗುವ ಶಕ್ತಿಯನ್ನು ಇವು ಬ್ಯಾಟರಿಗೆ ತುಂಬಿಕೊಳ್ಳುತ್ತವೆ. ಹಾಗಾಗಿ ನಿಂತು ನಿಂತು ಹೋಗುವ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಇವುಗಳ ಲಾಭ ಹೆಚ್ಚು. ಸಾಮಾನ್ಯ ಪೆಟ್ರೋಲು ಕಾರು ಅಂಥ ಟ್ರಾಫಿಕ್ಕಿನಲ್ಲಿ 11 ಕೊಟ್ಟು, ಹೈಬ್ರಿಡ್ 20 ಕೊಟ್ಟರೆ ಕಿಲೋಮೀಟರಿಗೆ 4 ರೂಪಾಯಿ ಉಳಿಯಿತು. ಹುಬ್ಬಳ್ಳಿಯಿಂದ ಬೆಳಗಾವಿಗೆ ಹೆದ್ದಾರಿಯಲ್ಲಿ ಒಂದೇ ಹದದಲ್ಲಿ ಓಡಿಸುವವರಿಗೆ ಸಾಮಾನ್ಯ ಕಾರೇ 16 ಕೊಟ್ಟೀತು. ಅಲ್ಲಿ ಉಳಿತಾಯ ಒಂದೂಕಾಲು ರೂಪಾಯಿಗೆ ಇಳಿಯುತ್ತದೆ. ಬೆಲೆಯ ಅಂತರ ಮೂರು ಲಕ್ಷವಿದ್ದರೆ ಪೇಟೆಯ ಓಟದವರಿಗೆ 75,000 ಕಿಲೋಮೀಟರ್ ಸಾಕು. ಹೆದ್ದಾರಿಯ ಓಟದವರಿಗೆ ಎರಡು ಲಕ್ಷ 40 ಸಾವಿರ ಬೇಕು.

ವಿದ್ಯುತ್ ಸ್ಕೂಟರಿಗೂ ಇದೇ ದಾರಿ. ಮನೆಯಲ್ಲೇ ಚಾರ್ಜ್ ಮಾಡಿದರೆ ಕಿಲೋಮೀಟರಿಗೆ 25 ಪೈಸೆಯ ಸುತ್ತ ಬೀಳುತ್ತದೆ. ಪೆಟ್ರೋಲು ಸ್ಕೂಟರಿಗೆ 2 ರೂಪಾಯಿ ದಾಟುತ್ತದೆ. ದಿನಕ್ಕೆ 30, 40 ಕಿಲೋಮೀಟರ್ ಓಡುವವರಿಗೆ ಬೆಲೆಯ ಅಂತರ ಬೇಗ ತೀರುತ್ತದೆ. ಬ್ಯಾಟರಿಗೆ ಎಷ್ಟು ವರ್ಷದ ವಾರಂಟಿ ಎಂಬುದನ್ನು ಮಾತ್ರ ಕಾಗದದಲ್ಲಿ ಓದಿ ನೋಡಿ.

ಕೇಳುಗರೆ, ಇದುವರೆಗೆ ನಾನು ಹೆಚ್ಚಾಗಿ ಮಾತಾಡಿದ್ದು ಕಡಿಮೆ ಓಟದವರ ಬಗ್ಗೆ. ಮೈಲೇಜಿಗಾಗಿ ಹೆಚ್ಚು ಬೆಲೆ ಕೊಡಬೇಡಿ ಎಂದು ಅವರಿಗೆ ಹೇಳಿದೆ. ಆದರೆ ಮೈಲೇಜ್ ನಿಜವಾಗಿ ಬೇಕಾದವರು ಬೇರೆ ಇದ್ದಾರೆ. ಈ ಭಾಷಣವನ್ನು ಗಾಡಿಯಲ್ಲೇ ರೇಡಿಯೊ ಹಾಕಿಕೊಂಡು ಕೇಳುತ್ತಿರುವವರಲ್ಲಿ ಅಂಥವರು ಹಲವರು ಇರಬಹುದು. ಉಳಿದ ಸಮಯ ಅವರಿಗೆ.

ಮಾಲೂರಿನಿಂದ ತರಕಾರಿ ತುಂಬಿಕೊಂಡು ಬೆಳಗಿನ ಜಾವ ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿಗೆ ಹೋಗುವ ಒಬ್ಬ ಗೂಡ್ಸ್ ಗಾಡಿಯವರನ್ನು ನೆನೆಸಿಕೊಳ್ಳಿ. ಹೋಗಿ ಬರಲು ದಿನಕ್ಕೆ 100 ಕಿಲೋಮೀಟರ್. ತಿಂಗಳಿಗೆ 25 ದಿನ ಅಂದರೆ 2,500 ಕಿಲೋಮೀಟರ್. ಗಾಡಿ ಸೆಕೆಂಡ್ ಹ್ಯಾಂಡ್. ಕೈಯಲ್ಲಿದ್ದ ದುಡ್ಡಿಗೆ ಅದೇ ಸಿಕ್ಕಿತ್ತು. ಡೀಸೆಲ್ ಲೀಟರಿಗೆ 12 ಕೊಡುತ್ತದೆ ಅನ್ನಿ. ಕಿಲೋಮೀಟರಿಗೆ ಏಳೂವರೆ ರೂಪಾಯಿ. ಅದೇ ಭಾರ ಹೊರುವ ಇನ್ನೊಂದು ಗಾಡಿ 15 ಕೊಟ್ಟರೆ ಕಿಲೋಮೀಟರಿಗೆ 6 ರೂಪಾಯಿ. ಒಂದೂವರೆ ರೂಪಾಯಿ ಉಳಿಯುತ್ತದೆ. ತಿಂಗಳಿಗೆ 3,750 ರೂಪಾಯಿ. ವರ್ಷಕ್ಕೆ 45,000. ಮಗಳ ಕಾಲೇಜಿನ ಫೀಸು ಅದರಲ್ಲಿ ಕಟ್ಟಬಹುದು.

ಆ ಇನ್ನೊಂದು ಗಾಡಿಗೆ ಒಂದೂಮುಕ್ಕಾಲು ಲಕ್ಷ ಹೆಚ್ಚು ಬೇಕು ಅಂತಿಟ್ಟುಕೊಳ್ಳಿ. ಬ್ಯಾಂಕಿನಲ್ಲಿ ಶೇಕಡಾ 9ರಂತೆ ಐದು ವರ್ಷಕ್ಕೆ ಸಾಲ ಸಿಕ್ಕರೆ ಕಂತು ತಿಂಗಳಿಗೆ 3,650ರ ಒಳಗೆ. ಡೀಸೆಲ್ಲಿನ ಉಳಿತಾಯವೇ ಕಂತು ಕಟ್ಟುತ್ತದೆ. ಐದು ವರ್ಷದ ಮೇಲೆ ಉಳಿದದ್ದೆಲ್ಲ ಅವರದ್ದು. ಈಗ ಬ್ಯಾಂಕ್ ಸಾಲ ಸಿಗಲಿಲ್ಲ ಅನ್ನಿ. ಫೈನಾನ್ಸಿಗೆ ಹೋದರು. ಅಲ್ಲಿ ಶೇಕಡಾ 12 ಫ್ಲಾಟ್ ಎಂದರು. ಕೇಳಲು 9ಕ್ಕೂ 12ಕ್ಕೂ ಬರಿ 3ರ ವ್ಯತ್ಯಾಸ. ಆದರೆ ಫ್ಲಾಟ್ ಬಡ್ಡಿಯನ್ನು ನೀವು ತೀರಿಸಿದ ಅಸಲಿನ ಮೇಲೂ ಕೊನೆಯವರೆಗೆ ಹಾಕುತ್ತಾರೆ. ಬ್ಯಾಂಕಿನ ಲೆಕ್ಕಕ್ಕೆ ತಂದರೆ ಅದು ಶೇಕಡಾ 20ರ ಹತ್ತಿರ ಆಗುತ್ತದೆ. ಕಂತು ತಿಂಗಳಿಗೆ 4,650 ದಾಟುತ್ತದೆ. ಉಳಿತಾಯ 3,750. ಪ್ರತಿ ತಿಂಗಳೂ 900 ರೂಪಾಯಿ ಕೈಯಿಂದ ಹೋಗುತ್ತದೆ.

ಇಲ್ಲಿ ಗಾಡಿ ಬದಲಾಗಲಿಲ್ಲ. ಓಟ ಬದಲಾಗಲಿಲ್ಲ. ಡೀಸೆಲ್ ದರವೂ ಬದಲಾಗಲಿಲ್ಲ. ಬಡ್ಡಿ ಒಂದೇ ಬದಲಾಯಿತು. ಲಾಭ ನಷ್ಟವಾಯಿತು. ತಿಂಗಳಿಗೆ 500 ಕಿಲೋಮೀಟರ್ ಓಡಿಸುವ ಸಂಬಳದವರಿಗೆ ಶೇಕಡಾ 9ಕ್ಕೆ ಸಾಲ ಮನೆ ಬಾಗಿಲಿಗೆ ಬರುತ್ತದೆ. ಅವರಿಗೆ ಮೈಲೇಜಿನ ಅಗತ್ಯವಿಲ್ಲ. 2,500 ಓಡಿಸುವವರಿಗೆ ಮೈಲೇಜೇ ಅನ್ನ. ಅವರಿಗೆ ಸಾಲ ಶೇಕಡಾ 20ಕ್ಕೆ. ಹಾಗಾಗಿ ಅವರು ಅಗ್ಗದ ಗಾಡಿ ಕೊಳ್ಳುತ್ತಾರೆ, ದಿನಾ ಬಂಕಿನಲ್ಲಿ ದುಬಾರಿ ತೆರುತ್ತಾರೆ. ಇದು ಅವರ ಅವಿವೇಕ ಎಂದು ಯಾರೂ ಹೇಳಬಾರದು. ಇದು ನಮ್ಮ ಸಾಲದ ವ್ಯವಸ್ಥೆಯಲ್ಲಿರುವ ಅನ್ಯಾಯ.

ಒಂದು ದಾರಿ ಇದೆ. 2015ರ ಏಪ್ರಿಲ್‌ನಲ್ಲಿ ಶುರುವಾದ ಮುದ್ರಾ ಯೋಜನೆಯಲ್ಲಿ ಆಟೋ, ಸಣ್ಣ ಗೂಡ್ಸ್ ಗಾಡಿ, ಟ್ಯಾಕ್ಸಿ ಕೊಳ್ಳಲು ಸಾಲ ಕೇಳಬಹುದು. 10 ಲಕ್ಷದವರೆಗೆ ಆಸ್ತಿ ಅಡಮಾನ ಇಡಬೇಕಾಗಿಲ್ಲ. ಬ್ಯಾಂಕಿನವರು ಕೇಳುವುದು ಒಂದು ಮಾತು. ದುಡಿಮೆ ಎಷ್ಟಿದೆ, ಕಂತು ಹೇಗೆ ಕಟ್ಟುತ್ತೀರಿ? ಬಾಡಿಗೆ ಓಡಿಸುವ ಎಷ್ಟೋ ಜನರ ಹತ್ತಿರ ಅದಕ್ಕೆ ತೋರಿಸಲು ಕಾಗದವಿರುವುದಿಲ್ಲ.

ಅದಕ್ಕೆ ಇವತ್ತೇ ಒಂದು ನೋಟ್‌ಬುಕ್ ಗಾಡಿಯಲ್ಲಿ ಇಡಿ. ಡೀಸೆಲ್ ಹಾಕಿಸಿದಾಗಲೆಲ್ಲ ತಾರೀಖು, ಮೀಟರಿನ ಕಿಲೋಮೀಟರ್, ಎಷ್ಟು ಲೀಟರ್, ಎಷ್ಟು ರೂಪಾಯಿ ಬರೆಯಿರಿ. ಬಂಕಿನ ಚೀಟಿಯನ್ನು ಅದೇ ಪುಟಕ್ಕೆ ಅಂಟಿಸಿ, ಅದರ ಶಾಯಿ ಬೇಗ ಮಾಸುತ್ತದೆ, ಆದ್ದರಿಂದ ಅಂಕಿಯನ್ನು ಪೆನ್ನಿನಲ್ಲೂ ಬರೆಯಿರಿ. ಬಾಡಿಗೆ ಎಷ್ಟು ಬಂತು ಎಂಬುದು ಎದುರು ಪುಟದಲ್ಲಿರಲಿ. ಬಾಡಿಗೆಯನ್ನು ಆದಷ್ಟು ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ. ಆರು ತಿಂಗಳು ಹೀಗೆ ಬರೆದ ಪುಸ್ತಕ, ಜೊತೆಗೆ ಪಾಸ್‌ಬುಕ್, ಹೊಸ ಗಾಡಿಯ ಆನ್ ರೋಡ್ ಬೆಲೆಯ ಕೊಟೇಶನ್, ಇಷ್ಟನ್ನು ಹಿಡಿದು ಮ್ಯಾನೇಜರ ಮುಂದೆ ಕೂತುಕೊಳ್ಳಿ. ತಿಂಗಳ ಓಟ ಇಷ್ಟು, ಈಗಿನ ಡೀಸೆಲ್ ಖರ್ಚು ಇಷ್ಟು, ಹೊಸ ಗಾಡಿಯಲ್ಲಿ ಇಷ್ಟಾಗುತ್ತದೆ, ಉಳಿಯುವ ಈ ದುಡ್ಡಿನಲ್ಲೇ ನಿಮ್ಮ ಕಂತು ಬರುತ್ತದೆ ಎಂದು ತೋರಿಸಿ. ಒಂದು ಬ್ಯಾಂಕು ಇಲ್ಲ ಎಂದರೆ ಅದೇ ಪುಸ್ತಕ ಹಿಡಿದು ಇನ್ನೊಂದಕ್ಕೆ ಹೋಗಿ.